ಆರು ಕಾಲಿನ ಡಬ್ಬಿ

ಹಳೆಯ ರೇಡಿಯೋ ಕೊಳ್ಳುವ ಶ್ರೀಮಂತರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕೇಳುವುದಕ್ಕೆ ಕೊಳ್ಳುವವರಾದರೆ ಮಾತು ಬೇರೆ. ಇವರು ಕೊಳ್ಳುವುದು ಹೂದಾನಿಯ ಪಕ್ಕ ಇಡುವುದಕ್ಕೆ. ಆ ವರ್ಷ ಪುಣೆಯಿಂದ ಅಂಥವನೊಬ್ಬ ನಮ್ಮ ಭಾಗಕ್ಕೆ ಬಂದಿದ್ದ. ಹೆದ್ದಾರಿಯ ಪಕ್ಕ ಹೋಟೆಲು ಕಟ್ಟಿಸುತ್ತಿದ್ದವನು. ಹಿತ್ತಾಳೆ ಹಂಡೆ, ಗಾಡಿಯ ಗಾಲಿ, ಬೀಸುವ ಕಲ್ಲು ಅಂತ ಊರೂರು ಸುತ್ತಿ ಟೆಂಪೋದಲ್ಲಿ ತುಂಬಿಸುತ್ತಿದ್ದ. ಗಾಲಿ ಉರುಳದಿದ್ದರೂ ನಡೆಯುತ್ತದೆ, ಕಲ್ಲು ಬೀಸದಿದ್ದರೂ ನಡೆಯುತ್ತದೆ, ರೇಡಿಯೋ ಮಾತ್ರ ಚಾಲೂ ಇರಬೇಕಂತೆ. ಒಳಗಿನ ಒಂದೊಂದು ಸಾಮಾನೂ ಮೂಲದ್ದೇ ಆಗಿರಬೇಕಂತೆ. ವಾಲ್ವಿಗೂ ಬಲ್ಬಿಗೂ ವ್ಯತ್ಯಾಸ ಗೊತ್ತಿಲ್ಲದ ಮನುಷ್ಯನ ಷರತ್ತು ಇದು!

ಅವನು ಕಣ್ಣು ಹಾಕಿದ್ದ ರೇಡಿಯೋ ಮಿರಜದ ಹತ್ತಿರದ ಆರಗ ಎಂಬ ಹಳ್ಳಿಯ ಒಂದು ಜೈನ ಮನೆತನದ್ದು. ಊರಿಗೆ ಲೈಟು ಬರುವ ಮುಂಚೆ ಅಜ್ಜ ತಂದದ್ದು, ಮೋಟಾರಿನ ಆರು ವೋಲ್ಟಿನ ಬ್ಯಾಟರಿಯ ಮೇಲೆ ನಡೆಯುತ್ತಿದ್ದದ್ದು. ಮೊಮ್ಮಗ ಸಾಂಗ್ಲಿ ಪೇಟೆಯಲ್ಲಿ ಅರಿಸಿನದ ವ್ಯಾಪಾರಿ. ಎಲ್ಲರೂ ಅವರನ್ನು ಅಣ್ಣಾ ಎನ್ನುತ್ತಿದ್ದರು, ನಾನೂ ಅಣ್ಣಾ ಎನ್ನುತ್ತಿದ್ದೆ. ಅಜ್ಜನ ರೇಡಿಯೋ ವರ್ಷಗಟ್ಟಲೆ ಅಟ್ಟದ ಮೇಲೆ ಬಿದ್ದಿತ್ತು, ಯಾರಿಗೂ ನೆನಪಿರಲಿಲ್ಲ. ಪುಣೆಯವನು ಬೇಕು ಎಂದ ಕ್ಷಣ ಅದು ಮನೆತನದ ಮರ್ಯಾದೆಯಾಗಿ ಹೋಯಿತು.

ನಾನಾಗ ಸಾಂಗ್ಲಿಯ ಒಂದು ಕಲರ್ ಟಿ.ವಿ. ಸರ್ವಿಸ್ ಸೆಂಟರಿನಲ್ಲಿದ್ದೆ. ಮನೆ ಮಿರಜದಲ್ಲಿ, ಮನೆಯ ಮಾತು ಕನ್ನಡ, ಕೆಲಸದ ಮಾತು ಮರಾಠಿ. ಹೊರದೇಶದ ಮಾಲಿಗೆ ಬಾಗಿಲು ತೆರೆದ ವರ್ಷಗಳು ಅವು. ಸಾಂಗ್ಲಿಯಿಂದ ಮಿರಜಕ್ಕೆ ಹೋಗುವ ರಸ್ತೆಯ ಎರಡೂ ಬದಿಗೆ ಹೊಲಗಳು ಹೋಗಿ ಶೋರೂಮುಗಳು ಎದ್ದಿದ್ದವು. ನಮ್ಮ ಸೆಂಟರಿನಲ್ಲಿ ಗಾಜಿನ ಬಾಗಿಲು, ಎ.ಸಿ., ಟೈ ಕಟ್ಟಿದ ಮ್ಯಾನೇಜರು. ರಿಪೇರಿ ಅಂದರೆ ಏನು ಅಂತೀರಿ? ಕೆಟ್ಟ ಬೋರ್ಡು ತೆಗೆಯುವುದು, ಹೊಸ ಬೋರ್ಡು ಸಿಕ್ಕಿಸುವುದು. ಸ್ಕ್ರೂ ತಿರುವಲಿಕ್ಕೆ ಬಂದರೆ ಸಾಕು, ಜನ ಇಂಜಿನಿಯರ್ ಸಾಹೇಬ್ರ ಅನ್ನುತ್ತಿದ್ದರು. ನಾನು ಡಿಪ್ಲೊಮಾ ಮಾಡಿದವನು. ಬೋರ್ಡು ಬದಲಿಸುವ ನನ್ನ ಜೊತೆಯವರನ್ನು ಮನಸ್ಸಿನಲ್ಲೇ ಹೀಯಾಳಿಸುತ್ತ, ಅದೇ ಕೆಲಸವನ್ನು ಅವರಿಗಿಂತ ಜೋರಾಗಿ ಮಾಡುತ್ತಿದ್ದೆ.

ಅಣ್ಣಾ ಒಂದು ದಿನ ರೇಡಿಯೋವನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಬಂದು ನನ್ನ ಟೇಬಲ್ಲಿನ ಮೇಲೆ ಇಟ್ಟರು.

"ಸಾಹೇಬ್ರ, ಇದನ್ನ ಮಾತಾಡಸ್ರಿ. ಒಳಗಿನ ಸಾಮಾನ ಎಲ್ಲಾ ಕಂಪನೀದ ಐತಿ ಅಂತ ಒಂದ ಕಾಗದಾನೂ ಬರದ ಕೊಡ್ರಿ. ಪುಣೆದವ್ರು ಕಾಗದ ಕೇಳ್ಯಾರ."

"ಇದನ್ನ ಮೊದಲ ಯಾರರೇ ಬಿಚ್ಚ್ಯಾರೇನ್ರಿ?"

"ಮಿರಜದ ಮಿಸ್ತ್ರಿ ಒಬ್ಬರ. ಸಿತಾರ ಮಾಡಾವ್ರ ಗಲ್ಲಿ ಬಾಜೂಕ ಅಂಗಡಿ ಐತೆಲ್ಲ, ಅವರು. ನಮ್ಮ ಅಜ್ಜನ ಕಾಲದಿಂದ ಬ್ಯಾರೆಯವರ ಕೈ ಬಿದ್ದಿಲ್ಲ ಇದಕ್ಕ."

ಆ ಮಿಸ್ತ್ರಿಯ ಅಂಗಡಿಯ ಮುಂದೆ ನಾನು ದಿನಾ ಹಾಯುತ್ತಿದ್ದೆ. ಎಪ್ಪತ್ತರ ಹತ್ತಿರದ ಮುದುಕ, ಮಾಸಿದ ಧೋತರ, ಕನ್ನಡಕದ ಒಂದು ಕಾಲಿಗೆ ದಾರ. ಸ್ಟೋವಿನ ಮೇಲೆ ಕಾಯಿಸುವ ತಾಮ್ರದ ಬೆಸುಗೆ ಕಡ್ಡಿ. ಅಂಗಡಿಗೆ ಬೋರ್ಡಿಲ್ಲ, ಕೈಯಲ್ಲಿ ಸರ್ಟಿಫಿಕೇಟಿಲ್ಲ. ಮೂಗು ಮುರಿಯಲು ನನಗೆ ಅಷ್ಟು ಸಾಕಾಗಿತ್ತು.

ಹಿಂದಿನ ಹಲಗೆ ಬಿಚ್ಚಿದೆ. ಧೂಳು, ಜೇಡರ ಬಲೆ, ಒಂದು ಒಣಗಿದ ಹಲ್ಲಿ. ಬ್ಯಾಟರಿಗೆ ಹೋಗುವ ಎರಡು ದಪ್ಪ ವೈರು ಹೊರಗೆ ಜೋತು ಬಿದ್ದಿದ್ದವು. ಎರಡೂ ಬಣ್ಣ ಹೋಗಿ ಒಂದೇ ಕಂದು. ಒಂದಕ್ಕೆ ಮಾತ್ರ ನಡುವೆ ಗಂಟು ಹಾಕಿತ್ತು, ದನ ಕಟ್ಟುವ ಹಗ್ಗಕ್ಕೆ ಹಾಕುತ್ತಾರಲ್ಲ ಹಾಗೆ. ಥೂ, ಹಳ್ಳಿಯ ಕೆಲಸ ಅಂತ ಅದನ್ನು ಮೊದಲು ಬಿಚ್ಚಿ, ವೈರು ನೀಟಾಗಿ ಎಳೆದು ಇಟ್ಟೆ.

ಒಳಗೆ ನಾಲ್ಕು ವಾಲ್ವು, ಹಳೆಯ ರೇಡಿಯೋದ ಗಾಜಿನ ಬುರುಡೆಗಳು. ಮೇಲಿನ ನಂಬರು ಅರ್ಧ ಅಳಿಸಿತ್ತು. ಬಾಯಿಂದ ಹಬೆ ಊದಿದರೆ ಅಳಿಸಿದ ಅಕ್ಷರ ಒಂದು ಗಳಿಗೆ ಮೂಡುತ್ತದೆ, ಹಾಗೆ ಓದಿ ಬರೆದುಕೊಂಡೆ. ರದ್ದಿ ಅಂಗಡಿಯಲ್ಲಿ ಸಿಕ್ಕಿದ್ದ ವಾಲ್ವುಗಳ ಹಳೆಯ ಪುಸ್ತಕ ನನ್ನ ಹತ್ತಿರ ಇತ್ತು. ಅದರಲ್ಲಿ ಹುಡುಕಿದೆ. ಒಂದು ಸ್ಟೇಷನ್ ಹಿಡಿಯುವುದಕ್ಕೆ, ಎರಡು ನಡುವಿನ ಕೆಲಸಕ್ಕೆ, ಒಂದು ಸ್ಪೀಕರಿಗೆ. ನಾಲ್ಕರ ಲೆಕ್ಕ ಹತ್ತಿತು. ಆದರೆ ವಾಲ್ವಿನ ರೇಡಿಯೋಗೆ ಇನ್ನೂರರ ಆಚೀಚೆ ಡಿ.ಸಿ. ವೋಲ್ಟು, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು, ಬೇಕು. ಟ್ರಾನ್ಸ್‌ಫಾರ್ಮರು ವೋಲ್ಟನ್ನು ಏರಿಸುತ್ತದೆ, ಏರಿದ್ದನ್ನು ಡಿ.ಸಿ. ಮಾಡಿ ಕೊಡುವುದು ರೆಕ್ಟಿಫೈಯರ್ ಎಂಬ ಐದನೆಯ ವಾಲ್ವು. ಟ್ರಾನ್ಸ್‌ಫಾರ್ಮರು ಕಣ್ಣ ಮುಂದೆ ಇತ್ತು. ರೆಕ್ಟಿಫೈಯರ್ ಇರಲಿಲ್ಲ.

ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲೇ ವಾಲ್ವಿನ ಸಾಕೆಟ್ಟು ಕೂರುವ ಅಳತೆಯ ಒಂದು ತೂತು. ಅದರ ಮೇಲೆ ತಗಡಿನ ಬಿಲ್ಲೆ ಕೂರಿಸಿ ಎರಡು ರಿವೆಟ್ಟು ಹೊಡೆದಿತ್ತು. ಸಾಕೆಟ್ಟು ಸಮೇತ ಕಿತ್ತು ತೂತು ಮುಚ್ಚಿದ್ದಾರೆ! ಇನ್ನು ಬೇರೆ ಸಾಕ್ಷಿ ಏಕೆ ಬೇಕು?

ಮತ್ತೊಂದು ಸಾಮಾನು ಉಳಿದಿತ್ತು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಅಲ್ಯೂಮಿನಿಯಂ ಡಬ್ಬಿ, ಕೆಳಗೆ ಆರು ಕಾಲು, ವಾಲ್ವಿನ ಹಾಗೆ ಸಾಕೆಟ್ಟಿನಲ್ಲಿ ಕೂತಿತ್ತು. ಮೇಲೆ ಅಕ್ಷರವಿಲ್ಲ, ಲೇಬಲ್ಲಿಲ್ಲ. ಇಂಥದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಕಂಡಿಲ್ಲ ಎಂದು ಒಪ್ಪಿಕೊಳ್ಳುವ ಗುಣವೂ ಇರಲಿಲ್ಲ. ನಮ್ಮ ಟಿ.ವಿ.ಗಳಲ್ಲಿ ಇಂಥದೇ ಡಬ್ಬಿಯಲ್ಲಿ ದೊಡ್ಡ ಕಂಡೆನ್ಸರು ಬರುತ್ತದೆ. ಮೀಟರು ಹಚ್ಚಿದೆ. ಎರಡು ಕಾಲಿನ ನಡುವೆ ಮುಳ್ಳು ಪೂರಾ ಏರಿ ನಿಂತಿತು, ಉಳಿದವು ಏನೂ ತೋರಿಸಲಿಲ್ಲ. ಶಾರ್ಟ್ ಆದ ಕಂಡೆನ್ಸರು ಎಂದು ಬರೆದು, ಕಿತ್ತು ಡ್ರಾಯರಿಗೆ ಒಗೆದೆ. ಎಲ್ಲ ಸೇರಿ ಒಂದು ತಾಸೂ ಆಗಿರಲಿಲ್ಲ.

ಕಂಪನಿಯ ಲೆಟರ್‌ಹೆಡ್ಡಿನ ಮೇಲೆ ಮರಾಠಿಯಲ್ಲಿ ರಿಪೋರ್ಟು ಟೈಪು ಮಾಡಿಸಿದೆ. ಮೂಲದ ರೆಕ್ಟಿಫೈಯರ್ ವಾಲ್ವನ್ನು ಸಾಕೆಟ್ಟು ಸಹಿತ ತೆಗೆಯಲಾಗಿದೆ, ತೆಗೆದ ಜಾಗವನ್ನು ಮುಚ್ಚಿಡಲಾಗಿದೆ, ಇದು ಹಿಂದೆ ರಿಪೇರಿ ಮಾಡಿದವರ ಕೆಲಸ. ಕೆಳಗೆ ನನ್ನ ಸಹಿ, ಕಂಪನಿಯ ಶಿಕ್ಕಾ. ಬರೆಯುವಾಗ ಎಷ್ಟು ಖುಷಿಯಾಗಿತ್ತು ಅಂತೀರಿ! ಬೋರ್ಡಿಲ್ಲದ ಅಂಗಡಿಯ ಮುದುಕನನ್ನು ಒಂದು ಹಾಳೆಯಲ್ಲಿ ನೆಲಕ್ಕೆ ಹಾಕಿದ್ದೆ.

ಅಣ್ಣಾ ಓದಿ ಕೆಂಪಗಾದರು. "ನಮ್ಮ ಅಜ್ಜ ಅವಗ ಬಾಜೂಕ ಕೂಡ್ರಿಸಿಕೊಂಡು ಊಟಕ್ಕ ಹಾಕಿದ್ದ. ನಡೀರಿ ಸಾಹೇಬ್ರ, ನೀವೂ ಬರ್ರಿ," ಎಂದು ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮಿರಜಕ್ಕೆ ಹೊರಟರು. ನಾನು ಬೇಡ ಎನ್ನಲಿಲ್ಲ. ಬೇಡ ಎನ್ನುವ ಮನಸ್ಸೇ ಇರಲಿಲ್ಲ.

ಪೇಟೆ ತುಂಬಿದ ಹೊತ್ತು. ಮಿಸ್ತ್ರಿ ಯಾರದೋ ಟ್ರಾನ್ಸಿಸ್ಟರ್ ಬಿಚ್ಚಿಟ್ಟು ಕೂತಿದ್ದರು. ಪಕ್ಕದಲ್ಲಿ ಹೂವಿನವಳು, ಎದುರಿಗೆ ಚಹಾದ ಗಾಡಿ, ಆಚೆ ಪಾತ್ರೆ ಮಾರುವ ಭಾಂಡಿ ಅಂಗಡಿ. ಅಣ್ಣಾ ಅಂಗಡಿಯ ಕಟ್ಟೆಯ ಮೇಲೆ ನಿಂತು ನನ್ನ ಕಾಗದವನ್ನು ಮರಾಠಿಯಲ್ಲಿ ಗಟ್ಟಿಯಾಗಿ ಓದಿದರು. ಕನ್ನಡದವರು ಕನ್ನಡದವರ ಜೊತೆ ಜಗಳಾಡುವಾಗಲೂ ನಮ್ಮಲ್ಲಿ ಹಾಗೇ, ನಾಲ್ಕು ಮಂದಿಗೆ ಕೇಳಿಸಬೇಕಾದರೆ ಮರಾಠಿ. ಓದಿ ಮುಗಿಸಿ, "ಹಾ ಚೋರ ಆಹೇ!" ಎಂದು ಕೂಗಿದರು. ಕಳ್ಳ ಎಂಬ ಮಾತು ನನ್ನ ಕಾಗದದಲ್ಲಿ ಇರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ, ಓದಿದ ಯಾರೇ ಆದರೂ ಅದನ್ನೇ ಅನ್ನುತ್ತಿದ್ದರು.

ಮಿಸ್ತ್ರಿ ಅಣ್ಣಾನ ಮುಖ ನೋಡಲಿಲ್ಲ. ಕನ್ನಡಕ ಏರಿಸಿ ನನ್ನನ್ನು ನೋಡಿ ಕನ್ನಡದಲ್ಲಿ ಕೇಳಿದರು:

"ಡಬ್ಬಿ ಎಲ್ಲೈತ್ರಿ?"

"ಯಾವ ಡಬ್ಬಿ?"

"ಆರು ಕಾಲಿಂದು."

"ಅದಾ? ಕಂಡೆನ್ಸರ್ ಅದು. ಶಾರ್ಟ್ ಆಗೇತಿ. ತಗದ ಒಗದೇನಿ."

"ಕಂಡೆನ್ಸರ್!" ಮುದುಕ ಮೂಗಿನಲ್ಲೇ ಒಂದು ನಗೆ ನಕ್ಕರು. ಇವತ್ತಿಗೂ ನನ್ನ ಕಿವಿ ಬಿಸಿಯಾಗುವ ನಗೆ. "ಭಾಳ ಶಾಣ್ಯಾ ಅದೀರಿ. ಹೋಗ್ರಿ, ನಿಮ್ಮ ಕಂಪನ್ಯಾಗ ಕೇಳ್ರಿ." ಅಷ್ಟು ಹೇಳಿ ಟ್ರಾನ್ಸಿಸ್ಟರಿನ ಒಳಗೆ ತಲೆ ಹಾಕಿದರು. ನಾನು ಕದ್ದಿಲ್ಲ ಎಂಬ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಚಹಾದವನು ಗ್ಲಾಸು ತೊಳೆಯುವುದು ಬಿಟ್ಟು ನಿಂತಿದ್ದ. ಕಳ್ಳನಲ್ಲದವನು ಸುಮ್ಮನಿರುತ್ತಾನೆಯೇ ಎಂದು ಅಣ್ಣಾ ದಾರಿಯುದ್ದಕ್ಕೂ ಹೇಳಿದರು, ನಾನೂ ಹೂಂ ಎಂದೆ.

ಇನ್ನು ರೇಡಿಯೋ ಮಾತಾಡಿಸಬೇಕಿತ್ತು. ರೆಕ್ಟಿಫೈಯರ್ ಇಲ್ಲವಾದರೆ ಏನು, ಒಳಗೆ ಕಾಣದ ಹಾಗೆ ಎರಡು ಡಯೋಡು ಹಾಕಿದರಾಯಿತು ಎಂದುಕೊಂಡೆ. ಪುಣೆಯವನು ಯಾವ ಜನ್ಮಕ್ಕೆ ಬಗ್ಗಿ ನೋಡುತ್ತಾನೆ! ಡಯೋಡು ಬೆಸೆದೆ, ಒಣಗಿದ ಹಳೆಯ ಕಂಡೆನ್ಸರುಗಳನ್ನು ಬದಲಿಸಿದೆ, ಫ್ಯೂಸು ಹಾಕಿ ಬ್ಯಾಟರಿಗೆ ಹಚ್ಚಿದೆ. ವಾಲ್ವುಗಳ ತಂತಿಗಳು ಕೆಂಪಗಾದವು. ಟ್ರಾನ್ಸ್‌ಫಾರ್ಮರಿನಿಂದ ಬರಬೇಕಾದ ಇನ್ನೂರರ ವೋಲ್ಟು ನೋಡಿದರೆ ಸೊನ್ನೆ.

ಡಬ್ಬಿ ಕಿತ್ತ ಸಾಕೆಟ್ಟಿನಲ್ಲಿ ಸರ್ಕ್ಯೂಟು ತುಂಡಾಗಿದೆ ಎಂದು ಎರಡು ಕಾಲಿನ ಜಾಗಕ್ಕೆ ತಂತಿ ಸೇರಿಸಿ ನೋಡಿದೆ. ಫ್ಯೂಸು ಹಾರಿತು. ದೊಡ್ಡ ಫ್ಯೂಸು ಹಾಕಿದೆ. ಟ್ರಾನ್ಸ್‌ಫಾರ್ಮರು ಬಿಸಿಯಾಗಿ ಮೇಣದ ವಾಸನೆ ಬಂತು, ಕೈಯಿಂದಲೇ ಬ್ಯಾಟರಿಯ ವೈರು ಕಿತ್ತೆ. ಮತ್ತೆ ಸೊನ್ನೆ.

ಆಗ ತಲೆಗೆ ಹೊಳೆಯಿತು. ಹೊಳೆದದ್ದು ಯಾವ ದೊಡ್ಡ ವಿಷಯವೂ ಅಲ್ಲ, ಮೊದಲ ವರ್ಷದ ಹುಡುಗರಿಗೆ ಗೊತ್ತಿರುವಂಥದ್ದು. ಟ್ರಾನ್ಸ್‌ಫಾರ್ಮರಿಗೆ ಬ್ಯಾಟರಿಯ ಡಿ.ಸಿ. ಕೊಟ್ಟರೆ ಆ ಕಡೆ ಏನೂ ಬರುವುದಿಲ್ಲ. ಹಚ್ಚಿ ಆರಿಸಿ ಹಚ್ಚಿ ಆರಿಸಿ ಕೊಡಬೇಕು, ಒಂದು ಸೆಕೆಂಡಿಗೆ ನೂರಾರು ಸಲ. ಅಂದರೆ ಆ ರೇಡಿಯೋದಲ್ಲಿ ಹಾಗೆ ಹಚ್ಚಿ ಆರಿಸುವ ಒಂದು ಸಾಮಾನು ಇರಲೇಬೇಕು. ಗಾಜಿನ ಬಾಗಿಲಿನ ಒಳಗೆ, ಎ.ಸಿ.ಯ ತಂಪಿನಲ್ಲಿ ಕೂತ ಡಿಪ್ಲೊಮಾದವನಿಗೆ ಇದು ತಿಳಿಯಲು ಒಂದು ಫ್ಯೂಸು ಹಾರಿ, ಟ್ರಾನ್ಸ್‌ಫಾರ್ಮರು ಸುಡುವ ಹಂತಕ್ಕೆ ಬರಬೇಕಾಯಿತು. ಕಂಡೆನ್ಸರ್ ಎಂದಾಗ ಮುದುಕ ಯಾಕೆ ನಕ್ಕರು ಎಂಬುದು ಈಗ ತಿಳಿಯಿತು.

ಡ್ರಾಯರಿನಿಂದ ಡಬ್ಬಿ ತೆಗೆದೆ. ಈಗ ಎರಡು ದಾರಿ ಇದ್ದವು. ಡಬ್ಬಿಯನ್ನು ಕಸಕ್ಕೆ ಹಾಕಿ, ಪೇಟೆಯಲ್ಲಿ ಸಿಗುವ ಇನ್ವರ್ಟರಿನ ಸಣ್ಣ ಬೋರ್ಡು ಒಳಗೆ ಅಡಗಿಸಿದರೆ ರೇಡಿಯೋ ಮಾತಾಡುತ್ತಿತ್ತು, ನನ್ನ ರಿಪೋರ್ಟೂ ನಿಜವಾಗಿ ಉಳಿಯುತ್ತಿತ್ತು. ಇಲ್ಲವೆಂದರೆ ಡಬ್ಬಿ ಬಿಚ್ಚಿ ನೋಡಬೇಕು. ಬಿಚ್ಚಿದ್ದು ಒಳ್ಳೆಯತನದಿಂದ ಅಂತ ತಿಳಿಯಬೇಡಿ. ಆ ನಗೆ ತಡೆಯಲಾಗಲಿಲ್ಲ, ಅಷ್ಟೇ.

ಡಬ್ಬಿಯ ತಳದ ಅಂಚು ಒಳಗೆ ಮಡಚಿತ್ತು. ಕನ್ನಡಿ ಹಿಡಿದು ನೋಡಿದರೆ ಆ ಮಡಿಕೆಯ ಸುತ್ತಲೂ ಸಣ್ಣ ಇಕ್ಕಳದ ಹಲ್ಲಿನ ಗುರುತು, ಗೆರೆ ಎಳೆದ ಹಾಗೆ ಒಂದೇ ಅಳತೆಯಲ್ಲಿ. ಯಾರೋ ಇದನ್ನು ಹಲವು ಸಲ ಬಿಚ್ಚಿ, ಹಲವು ಸಲ ಮುಚ್ಚಿದ್ದರು. ನಾನೂ ಅದೇ ಗುರುತಿನ ಮೇಲೆ ಇಕ್ಕಳ ಇಟ್ಟು ಇಷ್ಟಿಷ್ಟೇ ಎಬ್ಬಿಸಿದೆ. ಒಳಗೆ ರಬ್ಬರಿನ ಹಾಸಿಗೆ. ಅದರ ನಡುವೆ ಉಕ್ಕಿನ ತೆಳ್ಳನೆಯ ಪತ್ತಿ, ಪಕ್ಕದಲ್ಲಿ ಒಂದು ಪುಟ್ಟ ಕಾಯಿಲು, ಪತ್ತಿಯ ಎರಡೂ ಬದಿಗೆ ಅದು ಬಡಿದಾಗ ತಾಗುವ ಪಾಯಿಂಟುಗಳು. ಮನೆಯ ಬಾಗಿಲಿನ ಕರೆಗಂಟೆ ಹೇಗೆ ಬಡಿಯುತ್ತದೋ ಹಾಗೆ ಪತ್ತಿ ಬಡಿದುಕೊಳ್ಳುತ್ತದೆ, ಬ್ಯಾಟರಿಯ ಕರೆಂಟನ್ನು ತುಂಡು ತುಂಡು ಮಾಡಿ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ. ವೈಬ್ರೇಟರ್! ನಮ್ಮ ಡಿಪ್ಲೊಮಾದ ಪುಸ್ತಕದಲ್ಲಿ ಇದರ ಮೇಲೆ ಒಂದು ಪ್ಯಾರಾ ಇತ್ತು. ಪರೀಕ್ಷೆಗೆ ಬರುವುದಿಲ್ಲ, ಬಿಡ್ರಿ ಎಂದು ಮಾಸ್ತರರು ದಾಟಿಸಿದ್ದರು, ನಾವೂ ಸಂತೋಷದಿಂದ ದಾಟಿದ್ದೆವು.

ಆದರೆ ಕರೆಂಟು ತುಂಡು ಮಾಡಲು ಪತ್ತಿಯ ಒಂದೊಂದು ಬದಿಗೆ ಒಂದೊಂದು ಪಾಯಿಂಟು ಸಾಕು. ಇಲ್ಲಿ ಒಂದೊಂದು ಬದಿಗೆ ಎರಡೆರಡು ಇದ್ದವು. ಯಾಕೆ? ಹಾಳೆ ತೆಗೆದುಕೊಂಡು ಆರು ಕಾಲು ಬರೆದೆ. ಒಂದೊಂದೇ ಕಾಲಿಗೆ ಮೀಟರು ಹಚ್ಚಿ, ಸಾಕೆಟ್ಟಿನ ಕೆಳಗಿನ ಒಂದೊಂದೇ ವೈರನ್ನು ಬೆರಳಿನಿಂದ ಹಿಡಿದು ಎಲ್ಲಿಗೆ ಹೋಗುತ್ತದೆ ಎಂದು ಗುರುತು ಹಾಕಿದೆ. ಮುಂಜಾನೆ ಕೂತವನು ಊಟದ ಹೊತ್ತಿಗೆ ಮುಗಿಸಿದೆ. ಒಂದು ಜೋಡಿ ಪಾಯಿಂಟು ಟ್ರಾನ್ಸ್‌ಫಾರ್ಮರಿನ ಆರು ವೋಲ್ಟಿನ ಬದಿಗೆ ಹೋಗುತ್ತಿತ್ತು. ಇನ್ನೊಂದು ಜೋಡಿ ಇನ್ನೂರು ವೋಲ್ಟಿನ ಬದಿಗೆ.

ಹಾಳೆಯನ್ನು ಮುಂದಿಟ್ಟುಕೊಂಡು ಕೂತೆ. ಒಂದೇ ಪತ್ತಿ ಎರಡು ಕೆಲಸ ಮಾಡುತ್ತಿತ್ತು. ಈ ಕಡೆ ಕರೆಂಟನ್ನು ತುಂಡು ಮಾಡುವುದು, ಅದೇ ತಾಳದಲ್ಲಿ ಆ ಕಡೆ ಬಂದ ವೋಲ್ಟನ್ನು ಡಿ.ಸಿ. ಮಾಡುವುದು. ರೆಕ್ಟಿಫೈಯರಿನ ಕೆಲಸವನ್ನೂ ಈ ಡಬ್ಬಿಯೇ ಮಾಡುತ್ತಿತ್ತು. ಈ ರೇಡಿಯೋಗೆ ಐದನೆಯ ವಾಲ್ವು ಎಂದೂ ಇರಲೇ ಇಲ್ಲ!

ಮತ್ತೆ ಆ ತೂತು? ಬಿಲ್ಲೆಯ ರಿವೆಟ್ಟು ಕೊರೆದು ತೆಗೆದೆ. ಸಾಕೆಟ್ಟು ಒಮ್ಮೆಯಾದರೂ ಕೂತಿದ್ದರೆ ಸ್ಕ್ರೂ ತಿಕ್ಕಿದ ಗೀರು ಇರಬೇಕು. ಬಿಲ್ಲೆಯ ಅಡಿಯಲ್ಲಿ ತಗಡು ಫ್ಯಾಕ್ಟರಿಯಿಂದ ಬಂದ ಹೊಳಪಿನಲ್ಲಿಯೇ ಇತ್ತು. ಇದೇ ತಗಡನ್ನು ಕಂಪನಿಯವರು ರೆಕ್ಟಿಫೈಯರ್ ಬೇಕಾಗುವ, ಮನೆಯ ಕರೆಂಟಿನ ಮೇಲೆ ನಡೆಯುವ ರೇಡಿಯೋಗೂ ಬಳಸುತ್ತಿದ್ದಿರಬೇಕು. ಬ್ಯಾಟರಿಯ ರೇಡಿಯೋದಲ್ಲಿ ಬೇಡವಾದ ತೂತನ್ನು ಅವರೇ ಮುಚ್ಚಿ ಕಳಿಸಿದ್ದರು. ನಾನು ಅದನ್ನು ಕಳ್ಳತನದ ಸಾಕ್ಷಿ ಮಾಡಿ ಶಿಕ್ಕಾ ಒತ್ತಿದ್ದೆ.

ಡಯೋಡು ಕಿತ್ತು ಹಾಕಿದೆ. ಪಾಯಿಂಟುಗಳ ಮೇಲೆ ಬರೀ ಕಿಲುಬು ಇತ್ತು. ಅದರ ಅಡಿಯಲ್ಲಿ ಯಾರೋ ಸಣ್ಣ ಅರದಿಂದ ಅವನ್ನು ಕನ್ನಡಿಯ ಹಾಗೆ ಸಪಾಟು ಮಾಡಿದ್ದರು. ಕಿಲುಬು ಒರೆಸಿ, ಡಬ್ಬಿ ಮುಚ್ಚಿ, ಸಾಕೆಟ್ಟಿನಲ್ಲಿ ಕೂರಿಸಿ ಬ್ಯಾಟರಿಗೆ ಹಚ್ಚಿದೆ. ಡಬ್ಬಿ ಜೀರುಂಡೆಯ ಹಾಗೆ ಗುಂಯ್ ಎಂದಿತು. ಮೀಟರಿನ ಮುಳ್ಳು ಮಾತ್ರ ಹಿಂದಕ್ಕೆ ಹೋಗಿ ಬಡಿಯಿತು. ಗಾಬರಿಯಾಗಿ ವೈರು ಕಿತ್ತೆ. ಇಂಥ ಡಬ್ಬಿಗೆ ಬ್ಯಾಟರಿ ತಿರುವುಮುರುವು ಹಚ್ಚಿದರೆ ಇನ್ನೂರರ ವೋಲ್ಟೂ ತಿರುವುಮುರುವು ಬರುತ್ತದೆ. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಹೊಸ ಕಂಡೆನ್ಸರುಗಳು ಮುಖಕ್ಕೆ ಸಿಡಿಯುತ್ತಿದ್ದವು. ಬಣ್ಣ ಹೋದ ವೈರುಗಳಲ್ಲಿ ಪ್ಲಸ್ಸು ಯಾವುದು ಎಂದು ಲೈಟಿಲ್ಲದ ಊರಿನ ಮಂದಿಗೆ ಕೈಯಿಂದ ಮುಟ್ಟಿದರೂ ತಿಳಿಯಲಿ ಅಂತಲೇ ಮಿಸ್ತ್ರಿ ಗಂಟು ಹಾಕಿದ್ದರು. ನಾನು ಎಲ್ಲಕ್ಕಿಂತ ಮೊದಲು ಮಾಡಿದ ಘನಕಾರ್ಯ ಅದನ್ನು ಬಿಚ್ಚಿದ್ದು.

ವೈರು ಅದಲುಬದಲು ಮಾಡಿದೆ. ರೇಡಿಯೋ ಮಾತಾಡಿತು. ಸಾಂಗ್ಲಿಯ ಸ್ಟೇಷನ್ನಿನಲ್ಲಿ ಯಾರೋ ಅರಿಸಿನದ ಧಾರಣೆ ಓದುತ್ತಿದ್ದರು. ಮ್ಯಾನೇಜರು ಟೈ ಸರಿಮಾಡಿಕೊಂಡು ಬಂದು ಚಪ್ಪಾಳೆ ತಟ್ಟಿದ. ನಾನು ಹುಳ್ಳಗೆ ನಕ್ಕೆ.

ಆಮೇಲೆ ನಾಲ್ಕು ದಿನ ಬಾಯಿ ಬಿಡಲಿಲ್ಲ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಮಿರಜಕ್ಕೆ ಹೋಗುವಾಗ ಸಿತಾರದ ಗಲ್ಲಿ ಬಿಟ್ಟು ಸುತ್ತು ಹೊಡೆದು ಮನೆ ಸೇರುತ್ತಿದ್ದೆ. ಮುದುಕ ಮರೆಯುತ್ತಾರೆ, ಪೇಟೆ ಮರೆಯುತ್ತದೆ, ನಮ್ಮ ಸೆಂಟರಿನ ಹೆಸರು ಯಾಕೆ ಕೆಡಬೇಕು ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ.

ಐದನೆಯ ದಿನ ಅಣ್ಣಾ ರೇಡಿಯೋ ಒಯ್ಯಲು ಬಂದರು. ಧ್ವನಿ ಕೇಳಿ ಹಿಗ್ಗಿದರು.

"ಭಾರಿ ಕೆಲಸ ಮಾಡೀರಿ ಸಾಹೇಬ್ರ. ನಾವೂ ಒಂದ ಕೆಲಸ ಮಾಡಿದ್ವಿ. ನಮ್ಮ ಆರಗದ ಬಸದಿ ಮಶೀನಿನ ಖೋಲಿ ಕೀಲಿ ಕೈ ಇತ್ತಲ್ಲ ಮಿಸ್ತ್ರಿ ಕಡೆ, ಕಸಗೊಂಡ್ವಿ."

"ಯಾವ ಕೀಲಿ?"

"ಲೌಡ್ ಸ್ಪೀಕರಿಂದ್ರಿ. ಮೂವತ್ತು ವರ್ಷ ಅವನ ನೋಡಿಕೊಂಡಾನ. ಒಳಗ ಬೆಳ್ಳಿ ಸಾಮಾನಾನೂ ಇರ್ತಾವ. ಕಳ್ಳನ ಕೈಯಾಗ ಯಾಂವ ಕೊಡ್ತಾನ್ರಿ? ಕಮಿಟಿಯವ್ರಿಗೆ ನಿಮ್ಮ ಕಾಗದ ತೋರಿಸಿದೆ, ಒಂದ ಮಾತಿಗೆ ಒಪ್ಪಿದ್ರು."

ಮೂವತ್ತು ವರ್ಷ ಒಬ್ಬ ಮನುಷ್ಯ ಕಾಪಾಡಿಕೊಂಡಿದ್ದನ್ನು ನನ್ನ ಒಂದು ಹಾಳೆ ಕಿತ್ತುಕೊಂಡಿತ್ತು. ಇನ್ನು ಸುಮ್ಮನಿದ್ದರೆ ಕಳ್ಳ ನಾನೇ ಆಗುತ್ತಿದ್ದೆ. ಎಲ್ಲವನ್ನೂ ಹೇಳಿಬಿಟ್ಟೆ. ಡಬ್ಬಿ ತೋರಿಸಿದೆ, ಬಿಲ್ಲೆ ತೋರಿಸಿದೆ, ಹಾಳೆಯ ಮೇಲೆ ಬರೆದ ಆರು ಕಾಲು ತೋರಿಸಿದೆ. ಏನೂ ಕಳುವಾಗಿಲ್ಲರಿ ಅಣ್ಣಾ, ತಪ್ಪು ನಂದು ಎಂದೆ.

ಅಣ್ಣಾ ರೇಡಿಯೋದ ಹಿಂದೆ ಬಗ್ಗಿ ನೋಡಿದರು. "ಹಂಗಾರ ಎಲ್ಲಾ ಸಾಮಾನ ಕಂಪನೀದ ಐತಿ ಅಂದಂಗಾತು?"

"ಹೌದ್ರಿ."

"ಝಕಾಸ್! ಅಷ್ಟ ಬರದ ಕೊಡ್ರಿ, ಪುಣೆದವ್ರಿಗೆ ಬೇಕು."

"ಮಿಸ್ತ್ರಿ?"

"ಹೋಗ್ಲಿ ಬಿಡ್ರಿ. ಆಗಿದ್ದ ಆಗಿ ಹೋತು. ಈಗ ನಾನು ಹೋಗಿ ಕೈ ಮುಗದ್ರ ಪ್ಯಾಟ್ಯಾಗ ನನ್ನ ಮಾತಿಗೆ ಏನ ಕಿಮ್ಮತ್ ಉಳೀತೈತಿ?"

ರೇಡಿಯೋವನ್ನು ಅದೇ ಸೀರೆಯಲ್ಲಿ ಸುತ್ತಿಕೊಂಡು ಹೊರಟುಹೋದರು. ಎಂಥ ಮನುಷ್ಯ! ಬೈಯಲು ಬಾಯಿ ತೆರೆದೆ. ನಾಲ್ಕು ದಿನ ನಾನು ಮಾಡಿದ್ದೂ ಅದೇ ಎಂದು ನೆನಪಾಗಿ ಮುಚ್ಚಿದೆ.

ಮರುದಿನ ರಜೆ ಹಾಕಿ ಮುಂಜಾನೆ ಮಿಸ್ತ್ರಿಯ ಅಂಗಡಿಗೆ ಹೋದೆ. ಅಂಗಡಿಯಲ್ಲಿ ರಿಪೇರಿಗೆ ಬಂದ ಸಾಮಾನು ಒಂದೂ ಕಾಣಲಿಲ್ಲ. ಮುದುಕ ಖಾಲಿ ಹಲಗೆಯನ್ನು ಬಟ್ಟೆಯಿಂದ ಒರೆಸುತ್ತಿದ್ದರು. ನಾನು ಬಗ್ಗಿ, ಪಕ್ಕದ ಹೂವಿನವಳಿಗೆ ಕೇಳಿಸದ ಹಾಗೆ ಕನ್ನಡದಲ್ಲಿ ಹೇಳಿದೆ.

"ಕಾಕಾ, ಅದು ವೈಬ್ರೇಟರ್ ಅಂತ ನನಗ ತಿಳೀಲಿಲ್ಲ. ರೆಕ್ಟಿಫೈಯರ್ ಮೊದಲ ಇರಲಿಲ್ಲ. ತಪ್ಪಾತ್ರಿ."

"ಬಿಚ್ಚಿ ನೋಡೀರೇನು?"

"ನೋಡಿದೆ. ನೀವು ಅವತ್ತ ಒಂದ ಮಾತ ಹೇಳಿದ್ರ ಮುಗದ ಹೋಗ್ತಿತ್ತಲ್ಲರಿ? ಯಾಕ ಸುಮ್ಮನಾದ್ರಿ?"

ಬಟ್ಟೆ ಕೆಳಗಿಟ್ಟರು. "ಕಳ್ಳ ಅಂತ ಒದರಾವ್ರ ಮುಂದ ಕುಂತು ನಾ ಪಾಠ ಹೇಳಬೇಕಾಗಿತ್ತೇನ್ರಿ? ಡಬ್ಬಿ ಎಲ್ಲೈತಿ ಅಂತ ಕೇಳಿದ್ನೆಲ್ಲ. ತಿಳಿಯಾವಗ ಅಷ್ಟ ಸಾಕಿತ್ತು."

ಅವರೇ ಮುಂದುವರಿಸಿದರು.

"ಅವತ್ತ ಮರಾಠಿಯೊಳಗ ಆತು, ಗಟ್ಟ್ಯಾಗಿ ಆತು. ಇವತ್ತ ಕನ್ನಡದಾಗ, ಕಿವ್ಯಾಗ ಹೇಳಾಕ ಬಂದೀರಿ. ಭಾಳ ಛಂದ ಆತು. ಕುಂದ್ರಿ ಇಲ್ಲಿ."

"ಯಾಕ್ರಿ?"

"ಕುಂದ್ರಿ ಅಂದೆ."

ಕೂತೆ. ಒಂದು ತಾಸು, ಎರಡು ತಾಸು. ಮುದುಕ ಚಹಾ ಕೂಡ ಕೇಳಲಿಲ್ಲ. ಹನ್ನೆರಡು ದಾಟಿದ ಮೇಲೆ ಓಣಿಯಲ್ಲಿ ಚೀಲ ಹಿಡಿದ ಮಂದಿ ಬಸ್ ಸ್ಟ್ಯಾಂಡಿನ ಕಡೆ ಹೊರಟರು. ಮಧ್ಯಾಹ್ನ ಆರಗಕ್ಕೆ ಹೋಗುವ ಬಸ್ಸು ಹಿಡಿಯುವ ಮಂದಿ, ಸಂತೆ ಮುಗಿಸಿ ಈ ಓಣಿಯಿಂದಲೇ ಹಾಯುತ್ತಾರೆ. ಮುದುಕ ನನ್ನನ್ನು ಯಾಕೆ ಕೂರಿಸಿದ್ದರು ಎಂದು ಆಗ ತಿಳಿಯಿತು.

"ಏಳ್ರಿ ಸಾಹೇಬ್ರ. ಅಣ್ಣಾ ನಿಂತಿದ್ರಲ್ಲ, ಅಲ್ಲೇ ನಿಂದರ್ರಿ."

ಕಟ್ಟೆ ಹತ್ತಿದೆ. "ಹ್ಯಾಂನೀ ಚೋರಿ ಕೇಲೀ ನಾಹೀ," ಎಂದೆ. ಇವರು ಕಳವು ಮಾಡಿಲ್ಲ ಎಂದು.

"ಕಾಯ?" ಮುದುಕ ಕಿವಿಗೆ ಕೈ ಹಿಡಿದರು. "ಐಕೂ ಆಲಂ ನಾಹೀ." ಏನು, ಕೇಳಿಸಲಿಲ್ಲ ಎಂದು.

ಗಟ್ಟಿಯಾಗಿ ಹೇಳಿದೆ. ಮತ್ತೆ ಕಿವಿಗೆ ಕೈ. ಮೂರನೆಯ ಸಲ ಕೂಗಿದೆ. ಇವರು ಕಳವು ಮಾಡಿಲ್ಲ, ನನಗೆ ಸಾಮಾನಿನ ಗುರುತು ಸಿಗಲಿಲ್ಲ, ಗೊತ್ತಿಲ್ಲದೆ ಸುಳ್ಳು ಕಾಗದ ಬರೆದೆ ಎಂದು ಗಂಟಲು ಹರಿಯುವ ಹಾಗೆ ಮರಾಠಿಯಲ್ಲಿ ಕೂಗಿದೆ. ಹೂವಿನವಳ ಕೈ ನಿಂತಿತು. ಭಾಂಡಿ ಅಂಗಡಿಯವನು ಹೊರಗೆ ಬಂದ. ಚೀಲ ಹಿಡಿದವರಲ್ಲಿ ಬಿಳಿಯ ಟೊಪ್ಪಿಗೆಯ ಹಿರಿಯರೊಬ್ಬರು ನಿಂತು, "ಏನಂತ್ರಿ ಮಿಸ್ತ್ರಿ ಅದು?" ಎಂದು ಕನ್ನಡದಲ್ಲಿ ಕೇಳಿದರು.

"ಆರಗದ ಬಸದಿ ಕಮಿಟಿಯವ್ರು," ಎಂದರು ಮುದುಕ ನನಗೆ. "ಅವರಿಗೂ ಹೇಳ್ರಿ."

ಹೇಳಿದೆ. ಅವರು ಕೇಳಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮಿಸ್ತ್ರಿಯ ಕಡೆ ತಿರುಗಿದರು. ಮುಖ ಸಣ್ಣದಾಗಿತ್ತು.

"ಹಿಂಗ ಆಗಬಾರದಾಗಿತ್ತು. ಕೀಲಿ ಕೈ ನಾಳೆ ನಾನ ತಂದ ಕೊಡ್ತೇನ್ರಿ."

"ಬ್ಯಾಡ್ರಿ," ಎಂದರು ಮಿಸ್ತ್ರಿ. "ನಿಮ್ಮ ಕಡೇನ ಇರಲಿ. ಮಶೀನ್ ಕೆಟ್ಟಾಗ ಹೇಳಿ ಕಳಸ್ರಿ, ಬರ್ತೇನಿ. ನೀವ ಬಾಗಲಾ ತಗೀರಿ, ನಾ ಕೆಲಸ ಮಾಡೂತನಕ ನೀವ ಮುಂದ ನಿಂದರ್ರಿ, ನೀವ ಕೀಲಿ ಹಾಕ್ರಿ."

"ಮಿಸ್ತ್ರಿ, ಈಗ ಎಲ್ಲಾ ತಿಳೀತಲ್ಲರಿ..."

"ತಿಳೀತು. ನೀವೂ ಒಂದ ಹಾಳಿ ನೋಡಿ ನಂಬಿದ್ರಿ, ಅದು ನನಗೂ ತಿಳೀತು."

ಬಸ್ಸಿಗೆ ಹೊತ್ತಾಗಿತ್ತು, ಹಿರಿಯರು ಚೀಲ ಎತ್ತಿಕೊಂಡು ಹೋದರು. ನಾನಿನ್ನೂ ಕಟ್ಟೆಯ ಮೇಲೆ ನಿಂತಿದ್ದೆ. ಮಿಸ್ತ್ರಿ ಸ್ಟೋವಿಗೆ ಪಂಪು ಹೊಡೆಯುತ್ತ ತಲೆ ಎತ್ತದೆ ಅಂದರು:

"ಇಳೀರಿ ಸಾಹೇಬ್ರ. ನಿಮ್ಮ ಕೆಲಸ ಆತಲ್ಲ."